ಅನ್ನಾ ಮಣಿಗೆ ಪಿಎಚ್.ಡಿ. ಯಾಕೆ ಸಿಗಲಿಲ್ಲ?

ಪ್ರಶ್ನೆ: ಹವಾಮಾನ ವಿಜ್ಞಾನಿ ಅನ್ನಾ ಮಣಿ ಸರ್ ಸಿ. ವಿ. ರಾಮನ್ ಅವರ ಶಿಷ್ಯೆ ಎಂದು ಓದಿದೆ. ಆದರೂ ಪಿಎಚ್.ಡಿ. ಸಿಗಲಿಲ್ಲವಂತೆ. ಕೆಲಸ ಚೆನ್ನಾಗಿರಲಿಲ್ಲವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಿಗಲಿಲ್ಲ, ನಿಜ. ಆದರೆ ಕೆಲಸದಲ್ಲಿ ಕೊರತೆಯೇನೂ ಇರಲಿಲ್ಲ ಮಗಳೇ. 1940ರಲ್ಲಿ ಅವರು ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಬಂದರು. ರಾಮನ್ ಆಗ ವಜ್ರಗಳ ಹಿಂದೆ ಬಿದ್ದಿದ್ದರು. ಮಣಿ ಕೈಗೆತ್ತಿಕೊಂಡದ್ದು ವಜ್ರ ಮತ್ತು ಮಾಣಿಕ್ಯದ ಹೊಳಪು. ವಜ್ರದ ಮೇಲೆ ಬೆಳಕು ಬಿಟ್ಟರೆ ಅದು ತಾನೂ ಒಂದಿಷ್ಟು ಬೆಳಕು ಸೂಸುತ್ತದೆ. ಕೆಲವು ವಜ್ರಗಳದ್ದು ತೀರಾ ಮಂಕು. ಆ ಬೆಳಕನ್ನು ಬಿಡಿಸಿ, ಅದರ ರೋಹಿತವನ್ನು, ಅಂದರೆ ಬಣ್ಣಗಳ ಪಟ್ಟಿಯನ್ನು, ಫೋಟೋ ಪ್ಲೇಟಿನ ಮೇಲೆ ಮೂಡಿಸಬೇಕು. ವಜ್ರವನ್ನು ದ್ರವರೂಪದ ಗಾಳಿಯಷ್ಟು ತಣ್ಣಗಿಡಬೇಕು. ಒಂದೇ ಚಿತ್ರಕ್ಕೆ 15–20 ಗಂಟೆ ಹಿಡಿದದ್ದುಂಟು. ರಾತ್ರಿಯೂ ಅವರು ಪ್ರಯೋಗಾಲಯದಲ್ಲೇ ಉಳಿಯುತ್ತಿದ್ದರು. ಹೀಗೆ 30ಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. 1942ರಿಂದ 1945ರೊಳಗೆ ಐದು ಲೇಖನ ಬಂದವು, ಐದರಲ್ಲೂ ಅವರೊಬ್ಬರದೇ ಹೆಸರು.

1945ರ ಆಗಸ್ಟ್‌ನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಟ್ಟರು. ಎಂ.ಎಸ್ಸಿ. ಆಗಿಲ್ಲ, ಹಾಗಾಗಿ ಪದವಿ ಇಲ್ಲ ಎಂದುಬಿಟ್ಟರು ವಿಶ್ವವಿದ್ಯಾಲಯದವರು. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಆನರ್ಸ್ ಇತ್ತು, ಅದು ಲೆಕ್ಕಕ್ಕೆ ಬರಲಿಲ್ಲ. ನನ್ನ ಪ್ರಕಾರ ಇದು ಶುದ್ಧ ಅನ್ಯಾಯ. ಮಣಿ ಮಾತ್ರ, ಆ ಪದವಿ ಇಲ್ಲದ್ದರಿಂದ ತಮ್ಮ ಬದುಕಿನಲ್ಲಿ ಅಂಥ ವ್ಯತ್ಯಾಸವೇನೂ ಆಗಲಿಲ್ಲ ಎನ್ನುತ್ತಿದ್ದರು.

ಪ್ರಶ್ನೆ: ಭೌತವಿಜ್ಞಾನ ಬಿಟ್ಟು ಹವಾಮಾನ ಇಲಾಖೆಗೆ ಯಾಕೆ ಹೋದರು?
– ಓದುಗರು, ಶಿರಸಿ

ಉತ್ತರ: ಬಿಡಲಿಲ್ಲ ಸ್ವಾಮಿ, ಜೊತೆಗೇ ಒಯ್ದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗುವಾಗ ಅವರಿಗೆ ಸಿಕ್ಕ ಅವಕಾಶ ಹವಾಮಾನ ಉಪಕರಣಗಳದ್ದು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಸಾಮಾನ್ಯ ಉಪಕರಣವೂ ಹೊರದೇಶದಿಂದ ಬರಬೇಕಿತ್ತು. ಮಣಿ ಮತ್ತು ಅವರ ತಂಡ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದೇ ಮಾನದಂಡಕ್ಕೆ ತಂದು ಇಲ್ಲೇ ತಯಾರಿಸುವಂತೆ ಮಾಡಿತು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ (ಹಲವು ದೇಶಗಳು ಸೇರಿ ಭೂಮಿಯನ್ನು ಅಧ್ಯಯನ ಮಾಡಿದ ಅವಧಿ) ಹೊತ್ತಿಗೆ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಹಾಕಿದರು. ಮುಂದೆ ಬಲೂನಿನಲ್ಲಿ ಹಾರಿಬಿಡುವ ಓಜೋನ್ ಮಾಪಕವೂ ಇಲ್ಲೇ ತಯಾರಾಯಿತು.

ಬಿಸಿಲು ಅಳೆಯುವ ಪೈರನೋಮೀಟರ್ ಜೊತೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ವೀಕ್ಷಕನಾಗಿ. ಒಳಗೊಂದು ಕಪ್ಪು ಬಿಲ್ಲೆ, ಮೇಲೆ ಗಾಜಿನ ಗುಮ್ಮಟ. ಬಿಲ್ಲೆ ಬಿಸಿಯಾದಷ್ಟು ವೋಲ್ಟೇಜ್ ಹುಟ್ಟುತ್ತದೆ, ಅದೂ ಮಿಲಿವೋಲ್ಟ್ ಲೆಕ್ಕದಲ್ಲಿ. ಬೆಳಗ್ಗೆ ಎದ್ದ ಕೂಡಲೇ ಗುಮ್ಮಟದ ಇಬ್ಬನಿ, ಧೂಳು, ಹಕ್ಕಿ ಹಿಕ್ಕೆ ಮೆತ್ತಗೆ ಒರೆಸಬೇಕು. ಉಪಕರಣ ಸಮತಟ್ಟಾಗಿದೆಯೇ ಎಂದು ತೋರಿಸುವ ಬುಡದ ನೀರುಗುಳ್ಳೆ ನಟ್ಟನಡುವೆ ಇದೆಯೇ ನೋಡಬೇಕು. ಒಂದು ದಿನ ಒರೆಸದಿದ್ದರೂ ಲೆಕ್ಕ ಏರುಪೇರು. ಆಕಾಶದಲ್ಲಿ ಮೋಡವೇ ಇಲ್ಲ, ಪುಸ್ತಕದಲ್ಲಿ ಮಾತ್ರ ಬಿಸಿಲು ಕಡಿಮೆ! ತಪ್ಪು ಅಳತೆಗಿಂತ ಅಳತೆ ಮಾಡದಿರುವುದೇ ಮೇಲು ಎಂಬುದು ಮಣಿ ಅವರ ನಿಲುವು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಒರೆಸುವ ಬಟ್ಟೆ.

ಪ್ರಶ್ನೆ: ನಮ್ಮ ಕಡೆ ಎಲ್ಲಿ ನೋಡಿದರೂ ಗಾಳಿಯಂತ್ರ. ಅದಕ್ಕೂ ಅವರಿಗೂ ಸಂಬಂಧ ಇದೆಯಂತೆ?
– ರೈತರು, ಗದಗ

ಉತ್ತರ: ಇದೆ. ಮಣಿ 1976ರಲ್ಲಿ ನಿವೃತ್ತರಾದರು, ಆದರೆ ಸುಮ್ನೆ ಕೂರಲಿಲ್ಲ. ಭಾರತದ ಬಿಸಿಲಿನ ಅಂಕಿಅಂಶಗಳ ಕೈಪಿಡಿ 1980ರಲ್ಲಿ ಬಂತು. ಆಮೇಲೆ ದೇಶದ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆಸುವ ಕೆಲಸಕ್ಕೆ ಕೈಹಾಕಿದರು. ಯಂತ್ರ ನಿಲ್ಲಿಸುವ ಮೊದಲು ಈ ಲೆಕ್ಕ ಪಕ್ಕಾ ಇರಲೇಬೇಕು. ಯಾಕೆಂದರೆ ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ವೇಗವನ್ನು ಶೇ 10ರಷ್ಟು ಜಾಸ್ತಿ ಬರೆದುಕೊಂಡರೆ ಶಕ್ತಿಯ ಲೆಕ್ಕ ಶೇ 33ರಷ್ಟು ಉಬ್ಬುತ್ತದೆ. ಅದನ್ನು ನಂಬಿ ಸಾಲ ಮಾಡಿ ಯಂತ್ರ ಹಾಕಿದವರ ಗತಿ ಏನು, ನೀವೇ ಹೇಳಿ. ಗಾಳಿ, ಬಿಸಿಲು ಅಳೆಯುವ ಉಪಕರಣ ತಯಾರಿಸಲು ಮಣಿ ಬೆಂಗಳೂರಿನಲ್ಲಿ ಒಂದು ಸಣ್ಣ ಕಾರ್ಖಾನೆಯನ್ನೇ ನಡೆಸಿದರು.