ತೊಗರಿ ಸಂಶೋಧನೆಗೆ ಸರ್ಕಾರದ ದುಡ್ಡಿದ್ದರೂ ಫಲ ಯಾಕೆ ತಡವಾಗುತ್ತದೆ?

ಗಿಡವನ್ನು ಒಣಗಿಸುವ ನೆಟೆ ರೋಗ ತಡೆಯುವ ತೊಗರಿ ತಳಿ ಬರಲು ಇಷ್ಟು ವರ್ಷ ಯಾಕೆ, ವಿಜ್ಞಾನಿಗಳು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಸುಮ್ನೆ ಅವರನ್ನು ಬೈಯುವುದು ನ್ಯಾಯವಲ್ಲ. ನೆಟೆ ರೋಗ ತಾಳುವ ಟಿಎಸ್-3ಆರ್ ತೊಗರಿ ತಳಿ ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂತು, ಅಲ್ವಾ?

ತೊಡಕು ಜಾಸ್ತಿ ಇರುವುದು ಹಣ ಬರುವ ಹೊತ್ತಿನಲ್ಲಿ. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ತೊಗರಿ ಬಿತ್ತನೆ ಜೂನ್-ಜುಲೈ, ರಾಶಿ ಡಿಸೆಂಬರ್-ಜನವರಿ. ಹಿಂದಿನ ಖರ್ಚಿನ ಪ್ರಮಾಣಪತ್ರ ಸಲ್ಲಿಸುವುದು ತಡವಾದರೆ ಮುಂದಿನ ಕಂತೂ ತಡ. ಮಳೆ ಕಂತಿಗಾಗಿ ಕಾಯುವುದಿಲ್ಲ. ನೆಟೆ ರೋಗ ಬರುವುದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ. ತಳಿ ಅದನ್ನು ತಾಳುತ್ತದೋ ಇಲ್ಲವೋ ನೋಡಲು ರೋಗ ತುಂಬಿದ ತಾಕನ್ನೇ ಬೇಕೆಂದು ಉಳಿಸಿಕೊಂಡು, ಪ್ರತಿ ವರ್ಷ ಅಲ್ಲಿ ಬಿತ್ತಬೇಕು. ಬಿತ್ತನೆ ಹೊತ್ತಿಗೆ ಕೂಲಿಗೆ ದುಡ್ಡಿಲ್ಲದಿದ್ದರೆ ಆ ವರ್ಷದ ಪರೀಕ್ಷೆ ಹೋದಂತೆಯೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನೊಂದು, ಯಜಮಾನರು ಹಲವರು. ದೇಶದ ಹಲವು ಕೇಂದ್ರಗಳು ಒಟ್ಟಾಗಿ ನಡೆಸುವ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಕೇಂದ್ರಗಳಿಗೆ ಸಾಮಾನ್ಯವಾಗಿ ಶೇ. 75 ಹಣ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನದು, ಶೇ. 25 ರಾಜ್ಯದ್ದು. ನೇಮಕಾತಿ ಮಾತ್ರ ವಿಶ್ವವಿದ್ಯಾಲಯದ ಕೈಯಲ್ಲಿ. ಹುದ್ದೆ ಖಾಲಿ ಬಿದ್ದರೆ ಫೈಲು ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಗುತ್ತಿಗೆ ಮೇಲೆ ಬಂದ ಹುಡುಗರು ಒಳ್ಳೆ ಕೆಲಸ ಸಿಕ್ಕರೆ ನಡುವೆಯೇ ಬಿಡುತ್ತಾರೆ. ಅವರ ತಪ್ಪಲ್ಲ. ಆದರೆ ಹೊಲದ ಟಿಪ್ಪಣಿ ಹೊಸಬರಿಗೆ ಸರಿಯಾಗಿ ದಾಟುವುದಿಲ್ಲ.

ನನ್ನ ಪ್ರಕಾರ ಮೊದಲು ಬೇಕಾದದ್ದು, ಬಿತ್ತನೆ ಖರ್ಚನ್ನು ಮೇ ಒಳಗೇ ಸಂಶೋಧನಾ ಕೇಂದ್ರದ ಖಾತೆಗೆ ಹಾಕುವ ನಿಯಮ. ಹೊಸ ಕಟ್ಟಡ ಆಮೇಲೆ ಕಟ್ಟಬಹುದು.