ನಾಲ್ಕನ್ನು ಬಿಡಿ, ಒಂದನ್ನು ಹಿಡಿಯಿರಿ

ನಮಸ್ಕಾರ.

ನೀವು ಕಳಿಸಿದ ‘ಪ್ರಾಚೀನ ಚೀನಾದ ಆವಿಷ್ಕಾರಗಳು ಮತ್ತು ದಿನಬಳಕೆ’ ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ತಿದ್ದಿದರೆ ಚೆನ್ನಾಗಿ ಬರುತ್ತದೆ ಅನ್ನಿಸಿದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾಗದ, ಮುದ್ರಣ, ದಿಕ್ಸೂಚಿ, ಸಿಡಿಮದ್ದು ಎಂದು ನಾಲ್ಕಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಪ್ರತಿ ಪ್ಯಾರಾದ ಕೊನೆಗೆ ‘ಇದು ಜಗತ್ತನ್ನೇ ಬದಲಿಸಿತು’ ಎಂಬ ಸಾಲು. ಪರೀಕ್ಷೆಗೆ ಇಷ್ಟು ಸಾಕು, ಓದುಗರಿಗೆ ಸಾಲದು. ಶೀರ್ಷಿಕೆಯಲ್ಲಿ ದಿನಬಳಕೆ ಅಂದಿರಿ, ಒಳಗೆ ಬರೀ ರಾಜವಂಶಗಳು, ಇಸವಿಗಳು. ಆ ವಸ್ತುವನ್ನು ಬಳಸಿದ ಮನುಷ್ಯ ಎಲ್ಲೂ ಕಾಣುವುದಿಲ್ಲ.

ಕಾಗದವನ್ನೇ ತೆಗೆದುಕೊಳ್ಳಿ. ‘ಕ್ರಿ.ಶ. 105ರಲ್ಲಿ ತ್ಸಾಯ್ ಲುನ್ ಕಾಗದ ಕಂಡುಹಿಡಿದನು’ ಎಂದು ಮುಗಿಸಿಬಿಟ್ಟಿದ್ದೀರಿ. ಅವನಿಗಿಂತ ಇನ್ನೂರು ವರ್ಷಕ್ಕೂ ಹಳೆಯ ಕಾಗದದ ಚೂರು ಗಾನ್ಸು ಪ್ರಾಂತ್ಯದ ಫಾಂಗ್‌ಮಾಟಾನ್‌ನಲ್ಲಿ ಸಿಕ್ಕಿದೆ. ಅದರ ಮೇಲೆ ನಕ್ಷೆಯ ಗೆರೆಗಳಿವೆ. ಆಸ್ಥಾನದ ಅಧಿಕಾರಿಯಾಗಿದ್ದ ತ್ಸಾಯ್ ಲುನ್ ಕಾಗದ ಮಾಡುವ ವಿಧಾನವನ್ನು ಸುಧಾರಿಸಿ ಹಾನ್ ವಂಶದ ಚಕ್ರವರ್ತಿಗೆ ವರದಿ ಒಪ್ಪಿಸಿದ. ಅವನು ಬಳಸಿದ್ದು ಏನು ಗೊತ್ತಾ? ಮರದ ತೊಗಟೆ, ಸೆಣಬಿನ ತುಂಡು, ಚಿಂದಿ ಬಟ್ಟೆ, ಹಳೇ ಮೀನುಬಲೆ. ಇವನ್ನು ನೆನೆಸಿ, ಕುಟ್ಟಿ, ನೀರಿನಲ್ಲಿ ಕದಡಿ, ಜಾಲರಿಯಲ್ಲಿ ತೆಳ್ಳಗೆ ಎತ್ತಿ ಒಣಗಿಸಿದರೆ ಹಾಳೆ. ಅಲ್ಲಿಯವರೆಗೆ ಬರೆಯಲು ಬಳಸುತ್ತಿದ್ದ ಬಿದಿರಿನ ಪಟ್ಟಿ ಭಾರ, ರೇಷ್ಮೆ ದುಬಾರಿ ಎಂಬ ಕಷ್ಟಕ್ಕೆ ಸಿಕ್ಕ ಉತ್ತರ ಇದು. ಆ ಮೀನುಬಲೆ ನಿಮ್ಮ ಲೇಖನದಲ್ಲಿ ಇರಲೇಬೇಕಿತ್ತು.

ಬಳಕೆಯ ವಿಷಯಕ್ಕೆ ಬನ್ನಿ. 6ನೇ ಶತಮಾನದ ವಿದ್ವಾಂಸ ಯಾನ್ ಜಿಟುಯಿ ಒಂದು ಮಾತು ಬರೆದಿಟ್ಟಿದ್ದಾನೆ. ಪವಿತ್ರ ಗ್ರಂಥಗಳ ಸಾಲುಗಳೋ ಜ್ಞಾನಿಗಳ ಹೆಸರೋ ಇರುವ ಕಾಗದವನ್ನು ಶೌಚಕ್ಕೆ ಬಳಸಲು ತನಗೆ ಧೈರ್ಯ ಬರುವುದಿಲ್ಲವಂತೆ. ಅಂದರೆ ಉಳಿದ ರದ್ದಿ ಕಾಗದ ಆಗಲೇ ಆ ಕೆಲಸಕ್ಕೆ ಹೋಗುತ್ತಿತ್ತು ಅಂತಾಯಿತು, ಅಲ್ವಾ? ಕಾಗದ ಎಷ್ಟು ಸಲೀಸಾಗಿ ಸಿಗುತ್ತಿತ್ತು, ಬರಹಕ್ಕೆ ಎಷ್ಟು ಮರ್ಯಾದೆ ಇತ್ತು, ಎರಡೂ ಇಲ್ಲೇ ತಿಳಿಯುತ್ತದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಓದುಗರಿಗೆ ಅವನ ಅಳುಕನ್ನು ವಿವರಿಸುವ ಅಗತ್ಯವೇ ಇಲ್ಲ. ನನಗೆ ಬೇಕಿರುವುದು ಇಂಥ ವಿವರ.

ದಿಕ್ಸೂಚಿಯಲ್ಲೂ ಇಂಥದ್ದು ಇದೆ. 11ನೇ ಶತಮಾನದ ವಿದ್ವಾಂಸ ಶೆನ್ ಕುವೊ ಕಾಂತಸೂಜಿಯನ್ನು ಹೇಗೆ ನಿಲ್ಲಿಸಬೇಕೆಂದು ಪರೀಕ್ಷಿಸಿದ. ನೀರಲ್ಲಿ ತೇಲಿಬಿಟ್ಟರೆ ಅಲುಗಾಡುತ್ತದೆ. ಉಗುರಿನ ಮೇಲೋ ಬಟ್ಟಲಿನ ಅಂಚಿನಲ್ಲೋ ಇಟ್ಟರೆ ಜಾರಿ ಬೀಳುತ್ತದೆ. ಸೂಜಿಯ ನಡುವಿಗೆ ಸಾಸಿವೆ ಕಾಳಿನಷ್ಟು ಮೇಣ ಹಚ್ಚಿ, ಹೊಸ ರೇಷ್ಮೆಯ ಒಂದೆಳೆಗೆ ಅಂಟಿಸಿ, ಗಾಳಿ ಇಲ್ಲದ ಕಡೆ ತೂಗುಹಾಕುವುದೇ ಒಳ್ಳೆಯದು ಎಂದ. ನೀವು ‘ಸಮುದ್ರಯಾನಕ್ಕೆ ಸಹಕಾರಿಯಾಯಿತು’ ಎಂದಷ್ಟೇ ಬರೆದಿರಿ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಚೀನೀಯರು ಸಿಡಿಮದ್ದನ್ನು ಪಟಾಕಿಗೆ ಮಾತ್ರ ಬಳಸಿದರು ಎಂಬುದು ಸುಮ್ನೆ ಬಾಯಿಂದ ಬಾಯಿಗೆ ಹರಡಿದ ಮಾತು. 1044ರ ಸೇನಾ ಗ್ರಂಥ ವೂಜಿಂಗ್ ಜೊಂಗ್ಯಾವೊದಲ್ಲಿ ಯುದ್ಧಕ್ಕೆ ಬೇಕಾದ ಮಿಶ್ರಣಗಳ ಅಳತೆಯೇ ಇದೆ. ಯುರೋಪಿನ ಮುದ್ರಕ ಗುಟೆನ್‌ಬರ್ಗ್ ಚೀನಾದ ಬಿ ಶೆಂಗ್‌ನ ಮಣ್ಣಿನ ಅಚ್ಚುಮೊಳೆಯನ್ನು ನಕಲು ಮಾಡಿದ ಎಂದೂ ಬರೆದಿದ್ದೀರಿ. ಅದಕ್ಕೆ ಆಧಾರವಿಲ್ಲ, ತೆಗೆದುಬಿಡಿ. ಬಿ ಶೆಂಗ್ ನಾಲ್ಕು ಶತಮಾನ ಮೊದಲೇ ಆ ಕೆಲಸ ಮಾಡಿದ್ದ ಎಂದರೆ ಸಾಕು, ಅವನ ಹಿರಿಮೆಗೆ ಬೇರೆಯವರನ್ನು ಕಳ್ಳರನ್ನಾಗಿ ಮಾಡಬೇಕಿಲ್ಲ.

ನಿಮ್ಮದೇ ಒಂದು ಸಾಲು ನನಗೆ ಬಹಳ ಹಿಡಿಸಿತು: ‘ಬಿದಿರಿನ ಪುಸ್ತಕ ಓದುವವನಿಗೆ ಮೊದಲು ತೋಳಲ್ಲಿ ಬಲ ಬೇಕಿತ್ತು.’ ಅದು ಮೂರನೇ ಪುಟದಲ್ಲಿ ಹೂತುಹೋಗಿದೆ. ಅದನ್ನು ಮೇಲಕ್ಕೆ ತನ್ನಿ, ಕಾಗದದ ಬಗ್ಗೆ ಮಾತ್ರ ಬರೆಯಿರಿ, ಉಳಿದ ಮೂರನ್ನು ಬೇರೆ ಲೇಖನಗಳಿಗೆ ಎತ್ತಿಡಿ. 800 ಪದ ಮೀರಬೇಡಿ. ಈ ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.