ಫೋಟೋ ಆಯ್ತು, ಮುಂದೇನು?

ಶಹಾಪುರದ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿಯೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅದರ ಮುಖ್ಯ ಭಾಗ ಇಷ್ಟು:

"ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆ ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಫೋಟೋ ಬರುತ್ತೆ. ಶಾಲು, ಹಾರ, ಫೈಲು ಹಿಡಿದು ನಿಂತ ಇಬ್ಬರು. ಆಮೇಲೆ ಏನಾಯ್ತು ಅಂತ ಗೊತ್ತೇ ಆಗಲ್ಲ. ಇದು ಪ್ರೊಫೆಸರುಗಳ ವಿದೇಶ ಪ್ರವಾಸಕ್ಕೆ ಇಟ್ಟ ಬೇರೆ ಹೆಸರಾ? ಈಗ ನಮ್ಮ ಪ್ರಿನ್ಸಿಪಾಲರು ಯುರೋಪಿನ ಯೋಜನೆಯೊಂದಕ್ಕೆ ಅರ್ಜಿ ಹಾಕೋಣ, ನೀವೇ ಸಂಯೋಜಕಿ ಆಗಿ ಅಂತಿದ್ದಾರೆ. ನನ್ನ ಕೆಲಸವೇ ವರ್ಷ ವರ್ಷದ್ದು. ಹೂಂ ಅನ್ನಲೋ ಬೇಡವೋ?"

ಮೇಡಂ, ಫೋಟೋ ಮುಂದೆಯೂ ಹಾಕುತ್ತೇವೆ. ದೂರದಿಂದ ಬಂದವರಿಗೆ ಶಾಲು ಹೊದಿಸುವುದು ನಮ್ಮ ಕಡೆಯ ಪದ್ಧತಿ, ಅದರಲ್ಲೇನೂ ತಪ್ಪಿಲ್ಲ. ಆದರೆ ಒಡಂಬಡಿಕೆ ಬೇರೆ, ಯೋಜನೆ ಬೇರೆ. ಬಹಳಷ್ಟು ಒಡಂಬಡಿಕೆಗಳಲ್ಲಿ ದುಡ್ಡಿನ ಮಾತೇ ಇರುವುದಿಲ್ಲ. "ಪರಸ್ಪರ ಸಹಕರಿಸುತ್ತೇವೆ" ಅಂತ ಬರೆದಿರುತ್ತೆ, ಯಾವ ಕೆಲಸ, ಯಾವ ತಾರೀಖಿಗೆ ಅಂತ ಬರೆದಿರಲ್ಲ. ಅವಧಿ ಮುಗಿದಾಗ ಯಾರಿಗೂ ನೆನಪಾಗಲ್ಲ. ಯೋಜನೆಯಲ್ಲಿ ದುಡ್ಡು, ಗಡುವು, ಲೆಕ್ಕ ಕೇಳುವವರು ಮೂರೂ ಇರುತ್ತಾರೆ. ನಿಮ್ಮ ಪ್ರಿನ್ಸಿಪಾಲರು ಹೇಳುತ್ತಿರುವುದು ಈ ಎರಡನೆಯದನ್ನ.

ಇಂಥ ಸಹಕಾರದಿಂದ ಏನೂ ಬಂದಿಲ್ಲವಾ ಅಂದರೆ, ಉತ್ತರ ನಿಮ್ಮ ಮನೆ ಹತ್ತಿರವೇ ಇದೆ. ಭೀಮರಾಯನಗುಡಿಯ ಕೃಷಿ ಕಾಲೇಜನ್ನು ನೀವು ನೋಡೇ ಇರ್ತೀರಿ. ಅದರ ವಂಶಾವಳಿ ಹಿಡಿದು ಹಿಂದಕ್ಕೆ ಹೋಗಿ. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ರಾಯಚೂರು ಬಂದಿದ್ದು ಧಾರವಾಡದಿಂದ, ಅದು 1986ರದ್ದು. ಧಾರವಾಡ ಬಂದಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ, ಅದು 1964ರದ್ದು. ಆ ಬೆಂಗಳೂರು ವಿಶ್ವವಿದ್ಯಾಲಯವನ್ನು ಕಟ್ಟುವಾಗ ಜೊತೆಗೆ ನಿಂತದ್ದು ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ. ಆಗ ಅಮೆರಿಕ ಸರ್ಕಾರದ ನೆರವಿನಲ್ಲಿ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಭಾರತದ ಬೇರೆ ಬೇರೆ ಭಾಗಗಳನ್ನು ಹಂಚಿಕೊಂಡಿದ್ದವು. ಪಂತನಗರಕ್ಕೆ ಇಲಿನಾಯ್, ಪಂಜಾಬಿಗೆ ಓಹಾಯೊ, ನಮಗೆ ಟೆನೆಸಿ.

ಅವರು ತಂದ ಯಂತ್ರಗಳು ಯಾವಾಗಲೋ ಗುಜರಿಗೆ ಹೋಗಿರಬೇಕು. ಉಳಿದದ್ದು ಒಂದು ವ್ಯವಸ್ಥೆ. ಪಾಠ, ಸಂಶೋಧನೆ, ರೈತರಿಗೆ ತಿಳಿಸಿ ಹೇಳುವ ವಿಸ್ತರಣೆ, ಮೂರೂ ಒಂದೇ ಸೂರಿನಡಿ ಇರಬೇಕು ಅನ್ನೋದು. ಅದಕ್ಕೂ ಮುಂಚೆ ಕಾಲೇಜು ಒಂದು ಇಲಾಖೆಯದು, ಸಂಶೋಧನೆ ಇನ್ನೊಂದು ಕಡೆ, ರೈತರು ಮತ್ತೊಂದು ಕಡೆ. ವಿದೇಶಿಯರು ಹೋದರು, ವ್ಯವಸ್ಥೆ ಉಳಿಯಿತು. ಯಾಕೆ ಉಳಿಯಿತು? ಅದು ಇಲ್ಲಿನ ಕಾಯ್ದೆಯಲ್ಲಿ, ಇಲ್ಲಿನ ಹುದ್ದೆಗಳಲ್ಲಿ, ಇಲ್ಲಿನ ಬಜೆಟ್ಟಿನಲ್ಲಿ ಕೂತಿತು. ಇಂಥ ಯೋಜನೆಗಳ ಬಗ್ಗೆ ನಾನು ಹೇಳಬೇಕಾದ್ದು ಬಹುಪಾಲು ಇಷ್ಟೇ. ಹೊರಗಿನಿಂದ ಬಂದದ್ದು ನಮ್ಮ ದಿನನಿತ್ಯದ ಕಡತಕ್ಕೆ ಇಳಿದರೆ ಉಳಿಯುತ್ತೆ, ಇಲ್ಲದಿದ್ದರೆ ಬ್ಯಾನರ್ ಜೊತೆ ಮಡಚಿಟ್ಟುಬಿಡುತ್ತಾರೆ.

ನಮ್ಮ ತೊಗರಿಯ ಕತೆಯನ್ನೂ ನೋಡಿ. ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, ಹೈದರಾಬಾದ್ ಹತ್ತಿರದ ಪಟಂಚೇರುವಿನ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಆರಿಸಿದ ತಳಿ 1986ರಲ್ಲಿ 'ಮಾರುತಿ' ಹೆಸರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಕಲಬುರಗಿ ರೈತರು ಅದನ್ನು ಕೈ ಹಿಡಿದರು. ಯಾಕಂದರೆ ರೋಗ ಅವರದೇ ಹೊಲದ್ದು. ಆಮೇಲೆ ಕಲಬುರಗಿಯ ಸಂಶೋಧನಾ ಕೇಂದ್ರದಿಂದಲೇ ಹೊಸ ತಳಿಗಳಾದ ಟಿಎಸ್-3ಆರ್, ಜಿಆರ್‌ಜಿ-811 ಬಂದವು.

ಈಗ ಯುರೋಪಿನ ಯೋಜನೆಗೆ ಬರೋಣ. ನಿಮ್ಮ ಪ್ರಿನ್ಸಿಪಾಲರು ಹೇಳುತ್ತಿರುವುದು ಎರಾಸ್ಮಸ್ ಪ್ಲಸ್ (ಯುರೋಪಿಯನ್ ಒಕ್ಕೂಟದ ಶಿಕ್ಷಣ ಕಾರ್ಯಕ್ರಮ) ಅಡಿಯ, ಉನ್ನತ ಶಿಕ್ಷಣದ ಸಾಮರ್ಥ್ಯ ಹೆಚ್ಚಿಸುವ ಯೋಜನೆ ಇರಬೇಕು. ಎರಾಸ್ಮಸ್ ಶುರುವಾಗಿದ್ದು 1987ರಲ್ಲಿ, ಯುರೋಪಿನೊಳಗೆ ವಿದ್ಯಾರ್ಥಿಗಳು ಓಡಾಡಲಿ ಅಂತ. ಈಗಿನ ಸುತ್ತು 2021ರಿಂದ 2027ರವರೆಗೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಇದರಲ್ಲಿ ಜಾಗ ಇದೆ, ಭಾರತಕ್ಕೂ ಇದೆ. ಇದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ಹೊಸಬರಿಗೆ, ದೂರದ ಊರಿನ ಚಿಕ್ಕ ಸಂಸ್ಥೆಗಳಿಗೆ ಅಂತಲೇ ಇಟ್ಟಿದ್ದು. ಒಂದು ಯೋಜನೆಗೆ 2 ಲಕ್ಷದಿಂದ 4 ಲಕ್ಷ ಯೂರೋ, ಎರಡು ಅಥವಾ ಮೂರು ವರ್ಷ. ಎರಡನೆಯದು 4ರಿಂದ 8 ಲಕ್ಷ. ಮೂರನೆಯದು ಸರ್ಕಾರದ ಮಟ್ಟದ ಸುಧಾರಣೆಗೆ, ಅದರಲ್ಲಿ ಸಚಿವಾಲಯ ಸೇರಲೇಬೇಕು. ಅದು ನಿಮಗೆ ಸಂಬಂಧಿಸಿದ್ದಲ್ಲ.

ಮೊತ್ತ ಕೇಳಿ ಪ್ರಿನ್ಸಿಪಾಲರ ಕಣ್ಣು ಅರಳಿರಬಹುದು. ಸ್ವಲ್ಪ ಲೆಕ್ಕ ಹಾಕೋಣ. ಯೂರೋಗೆ ನೂರು ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳಿ. 4 ಲಕ್ಷ ಯೂರೋ ಅಂದರೆ 4 ಕೋಟಿ. ಒಟ್ಟಾಗಿ ಅರ್ಜಿ ಹಾಕುವ ಕೂಟದಲ್ಲಿ ಎಂಟು ಸಂಸ್ಥೆ ಇದ್ದರೆ ಒಬ್ಬೊಬ್ಬರಿಗೆ 50 ಲಕ್ಷ. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 17 ಲಕ್ಷದ ಆಚೀಚೆ. ಅದರಲ್ಲೇ ಸಿಬ್ಬಂದಿ, ಪ್ರಯಾಣ, ಸಲಕರಣೆ, ತರಬೇತಿ. ಜಾಗ ಕೊಂಡು ಕಟ್ಟಡ ಎಬ್ಬಿಸುವ ದುಡ್ಡು ಇದಲ್ಲ. ಕಟ್ಟಡ ಬೇಕಾದರೆ ಕಲ್ಯಾಣ ಕರ್ನಾಟಕ ಮಂಡಳಿ ಕಡೆ ಹೋಗಿ. ಇನ್ನೊಂದು ವಿಷಯ. ದುಡ್ಡು ಕೆಲಸದ ಕಂತುಗಳಿಗೆ ಕಟ್ಟಿಹಾಕಿರುತ್ತೆ. ಹೇಳಿದ ಕೆಲಸ ಮುಗಿಯದಿದ್ದರೆ ಆ ಕಂತಿನ ದುಡ್ಡಿಗೆ ಕತ್ತರಿ. ಬರೀ ಪ್ರವಾಸ ಮಾಡಿ ಬಂದರೆ ದಕ್ಕುವ ದುಡ್ಡಲ್ಲ ಇದು.

ಕೂಟದಲ್ಲಿ ಯುರೋಪಿನ ಸಂಸ್ಥೆಗಳು ಎಷ್ಟಿವೆಯೋ ಕನಿಷ್ಠ ಅಷ್ಟೇ ಹೊರಗಿನ ಸಂಸ್ಥೆಗಳೂ ಇರಬೇಕು ಅನ್ನೋ ನಿಯಮ ಇದೆ. ಹೊರಗಿನವರೇ ಮುಂದಾಳತ್ವ ವಹಿಸಿ ಅರ್ಜಿ ಹಾಕಲೂಬಹುದು. ಕಾಗದದ ಮೇಲೆ ಸಮಾನತೆ ಚೆನ್ನಾಗಿದೆ. ನಡೆಯುವುದು ಬೇರೆ ಥರ. ಕೊನೇ ದಿನ ಹತ್ತಿರ ಬಂದಾಗ ಎಲ್ಲಿಂದಲೋ ಒಂದು ಇಮೇಲ್: "ನಮಗೊಬ್ಬ ಭಾರತೀಯ ಪಾಲುದಾರ ಬೇಕು, ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ." ಯೋಜನೆ ಅಷ್ಟೊತ್ತಿಗೆ ಬರೆದು ಮುಗಿದಿರುತ್ತೆ. ಏನು ಸಮಸ್ಯೆ ಅಂತ ಅವರೇ ತೀರ್ಮಾನಿಸಿರುತ್ತಾರೆ. ಅಂಥ ಇಮೇಲ್ ಬಂದರೆ ಸಹಿ ಹಾಕಬೇಡಿ ಅಂತಲೇ ನನ್ನ ಸಲಹೆ.

ನೀವು ಸಮಸ್ಯೆ ಇಟ್ಟುಕೊಂಡು ಹೋಗಿ. ನಿಮ್ಮ ಕಾಗದದ ಕೊನೆಗೆ ಒಂದು ಮಾತು ಬರೆದಿದ್ದೀರಿ. ಜನವರಿ ಆಯ್ತೆಂದರೆ ತರಗತಿ ಅರ್ಧ ಖಾಲಿ, ಕೇಳಿದರೆ "ಅವ್ವ ಅಪ್ಪ ದುಡಿಯಾಕ ಬೆಂಗಳೂರಿಗೆ ಹೋಗ್ಯಾರ್ರಿ, ಅಕಿನೂ ಹೋಗ್ಯಾಳ್ರಿ" ಅಂತಾರೆ ಅಂತ. ಹಾಜರಾತಿ 75 ಆಗಲ್ಲ, ಪರೀಕ್ಷೆಗೆ ಕೂರಿಸಲ್ಲ, ಹುಡುಗಿ ಮತ್ತೆ ಬರಲ್ಲ. ಯಾದಗಿರಿ ಜಿಲ್ಲೆಯ ಯಾವ ಕಾಲೇಜಿನಲ್ಲಿ ಇದಿಲ್ಲ ಹೇಳಿ? ಗುಳೆ ಹೋಗುವ ಮಕ್ಕಳಿಗೆ ಸೆಮಿಸ್ಟರ್ ತಪ್ಪದ ಹಾಗೆ ಪಾಠ, ಪರೀಕ್ಷೆ ಹೇಗೆ ಹೊಂದಿಸುವುದು ಅನ್ನೋದು ಒಂದು ಒಳ್ಳೆಯ ಯೋಜನೆಯ ಬೀಜ. ಹಂಗಾಮಿಗೆ ವಲಸೆ ಹೋಗುವ ಮನೆಗಳು ಬೇರೆ ದೇಶಗಳಲ್ಲೂ ಇವೆ, ಅಲ್ಲಿನ ಕಾಲೇಜುಗಳೂ ಇದೇ ತಲೆನೋವು ಅನುಭವಿಸುತ್ತಿವೆ. ಪಾಲುದಾರರನ್ನು ಅಲ್ಲಿ ಹುಡುಕಿ, ದೊಡ್ಡ ಹೆಸರುಗಳ ಹಿಂದೆ ಬೀಳಬೇಡಿ.

ಆದರೆ ನಿಮ್ಮದು ಸಂಯೋಜಿತ ಕಾಲೇಜು. ಹಾಜರಾತಿ ನಿಯಮ, ಪಠ್ಯಕ್ರಮ ಎರಡೂ ವಿಶ್ವವಿದ್ಯಾಲಯದ ಕೈಯಲ್ಲಿವೆ, ಅಂದರೆ ಈಗ ರಾಯಚೂರಿನ ವಿಶ್ವವಿದ್ಯಾಲಯದ (ಕೃಷಿಯದ್ದಲ್ಲ) ಕೈಯಲ್ಲಿ. ಅಧ್ಯಯನ ಮಂಡಳಿ ಒಪ್ಪದೆ ಒಂದು ವಿಷಯ ಪತ್ರಿಕೆಯನ್ನೂ ನೀವು ಬದಲಾಯಿಸುವ ಹಾಗಿಲ್ಲ. ಹಾಗಾಗಿ ವಿಶ್ವವಿದ್ಯಾಲಯವನ್ನು ಮೊದಲ ದಿನದಿಂದಲೇ ಒಳಗೆ ತನ್ನಿ, ಕೊನೆಗೆ ಸಹಿಗೆ ಓಡಬೇಡಿ. ದುಡ್ಡಿನ ದಾರಿಯನ್ನೂ ಮೊದಲೇ ಕೇಳಿಕೊಳ್ಳಿ. ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡಬೇಡಿ. ಟ್ರಸ್ಟಿನ ಕಾಲೇಜಿನವರು ಇದನ್ನು ಓದುತ್ತಿದ್ದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ, ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆ ಇಲ್ಲದೆ ವಿದೇಶಿ ದೇಣಿಗೆ ಮುಟ್ಟುವ ಹಾಗಿಲ್ಲ ಅನ್ನೋದು ನೆನಪಿರಲಿ. ಯುಜಿಸಿಯ 2022ರ ನಿಯಮದಲ್ಲಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಅಂಕ 3.01 ಇರಬೇಕು ಅಂತ ಹೇಳುತ್ತಾರಲ್ಲ, ಅದು ಜಂಟಿ ಪದವಿ, ಅವಳಿ ಪದವಿ ಥರದ ಕೋರ್ಸುಗಳಿಗೆ. ಪದವಿ ಕೊಡದ ಇಂಥ ಯೋಜನೆಗೆ ಅದನ್ನು ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಒಂದು ವಿಶ್ವವಿದ್ಯಾಲಯದಲ್ಲಿ, ಹೆಸರು ಬೇಡ, ವಿದೇಶಿ ನೆರವಿನ ಭಾಷಾ ಪ್ರಯೋಗಾಲಯ ನೋಡಲು ಹೋಗಿದ್ದೆ. ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿತ್ತು. ಹೆಡ್‌ಫೋನುಗಳು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ಬೀಗದ ಕೈ ಇಟ್ಟುಕೊಂಡ ಗುಮಾಸ್ತರನ್ನು ಹುಡುಕಿ ಕರೆಸಬೇಕಾಯಿತು. ತರಬೇತಿ ಪಡೆದಿದ್ದವರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಅವರಿಗೆ ಬೇರೆ ಊರು ಸಿಕ್ಕಿತ್ತು. ಇದಕ್ಕೆ ಎದುರಾಗಿ, ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ (ಆಗಿನ ಉನ್ನತ ವಿದ್ಯಾಕೇಂದ್ರ) ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಸರಸ್ವತಿ ಭಂಡಾರಿಗರಿದ್ದರು, ಅವರ ಜೀವನಕ್ಕೆ ಭೂಮಿ ಬಿಟ್ಟುಕೊಟ್ಟಿದ್ದರು. ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆಯೇ ಕಾಯಂ ಹುದ್ದೆ! ನಾಗಾವಿಯನ್ನು ಭಾಷಣದಲ್ಲಿ ಹೊಗಳುವವರು ಜಾಸ್ತಿ, ಆ ಸಾಲನ್ನು ಓದುವವರು ಕಡಿಮೆ.

ನಿಮ್ಮ ವಿದ್ಯಾರ್ಥಿಗಳಿಗೂ ಒಂದು ಮಾತು ತಿಳಿಸಿ. ಇದೇ ಎರಾಸ್ಮಸ್‌ನಲ್ಲಿ ಮುಂಡಸ್ ಅನ್ನುವ ಜಂಟಿ ಸ್ನಾತಕೋತ್ತರ ಕೋರ್ಸುಗಳಿವೆ. ಪದವಿ ಮುಗಿಸಿದವರು ನೇರವಾಗಿ ಅರ್ಜಿ ಹಾಕಬಹುದು, ಕಾಲೇಜಿನ ಒಡಂಬಡಿಕೆ ಬೇಕಿಲ್ಲ. ಆಯ್ಕೆಯಾದರೆ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ ಎರಡು ವರ್ಷ. ಸ್ಪರ್ಧೆ ಜೋರಾಗಿದೆ. ಏಜೆಂಟರ ಅಗತ್ಯ ಮಾತ್ರ ಇಲ್ಲ, ದುಡ್ಡು ಕೇಳಿದರೆ ಕೊಡಬೇಡಿ ಅನ್ನಿ.

ಇನ್ನು ಹೂಂ ಅನ್ನಲೋ ಬೇಡವೋ. ಅನ್ನಿ, ಆದರೆ ಬಾಯಿಮಾತಲ್ಲಿ ಬೇಡ. ಮೂರು ವರ್ಷದ ಯೋಜನೆಗೆ ವರ್ಷದ ನೇಮಕಾತಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿದರೆ ಆ ಬೀಗ ಹಾಕಿದ ಕೋಣೆಯದೇ ಗತಿ. ಕಾಯಂ ಸಿಬ್ಬಂದಿಯೊಬ್ಬರು ಸಂಯೋಜಕರಾಗಲಿ, ನೀವು ಅವರ ಜೊತೆ ಕೆಲಸ ಮಾಡಿ. ವಾರಕ್ಕೆ ಎಷ್ಟು ಗಂಟೆ ಇದಕ್ಕೆ, ಆ ಗಂಟೆಗಳನ್ನು ನಿಮ್ಮ ಕಾರ್ಯಭಾರದಲ್ಲಿ ಹಿಡಿಯುತ್ತಾರಾ, ಅರ್ಜಿಯ ಬಜೆಟ್ಟಿನಲ್ಲಿ ನಿಮ್ಮ ಕೆಲಸಕ್ಕೆ ಸಂಬಳದ ಸಾಲು ಇದೆಯಾ, ಇಷ್ಟನ್ನೂ ಪತ್ರದಲ್ಲಿ ಕೇಳಿ. ಪ್ರಿನ್ಸಿಪಾಲರು ಬರೆದುಕೊಟ್ಟರೆ ಅರ್ಜಿ ಕೆಲಸ ಶುರು ಮಾಡಿ. ಗಡುವು ಸಾಮಾನ್ಯವಾಗಿ ಫೆಬ್ರವರಿಯ ಸುಮಾರಿಗೆ ಬರುತ್ತೆ, ಪಾಲುದಾರರನ್ನು ಹುಡುಕಲಿಕ್ಕೇ ತಿಂಗಳುಗಟ್ಟಲೆ ಬೇಕು. ಬರೆದುಕೊಡಲ್ಲ ಅಂದರೆ ಬಿಟ್ಟುಬಿಡಿ ಮೇಡಂ.

— ಸಂಪಾದಕ